ನೋವು ನಿಂತ ಮೇಲೂ 14 ದಿನ ಮಾತ್ರೆ ಏಕೆ?

ಪ್ರಶ್ನೆ (ಕುಮಟಾ, 27 ವರ್ಷ): ಡಾಕ್ಟರಿಗೆ ನಮಸ್ಕಾರ. ಒಂದು ತಿಂಗಳಿನಿಂದ ನನಗೆ ಕಿಬ್ಬೊಟ್ಟೆಯಲ್ಲಿ ನೋವು ಮತ್ತು ವಾಸನೆಯ ಬಿಳಿಸೆರಗು ಇತ್ತು. ಉಷ್ಣವಾಗಿರಬೇಕೆಂದು ಅತ್ತೆಯವರು ಮುರುಗಲು ಪಾನಕ ಮಾಡಿಕೊಟ್ಟರೂ ಕಡಿಮೆಯಾಗದ್ದರಿಂದ ಸರ್ಕಾರಿ ಆಸ್ಪತ್ರೆಗೆ ಹೋದೆ. ಗರ್ಭಕೋಶಕ್ಕೆ ಸೋಂಕು ತಗುಲಿದೆಯೆಂದು ಹಳದಿ ಬಣ್ಣದ ಕಿಟ್ ಕೊಟ್ಟಿದ್ದಾರೆ. ಐದನೆಯ ದಿನಕ್ಕೇ ನೋವು ನಿಂತಿದೆ, ಮಾತ್ರೆಯಿಂದ ಹೊಟ್ಟೆ ತೊಳಸುತ್ತಿದೆ. ಇನ್ನು ನಿಲ್ಲಿಸಬಹುದೇ? ಬೋಟಿಗೆ ಹೋಗುವ ನಮ್ಮ ಯಜಮಾನರಿಗೆ ಏನೂ ತೊಂದರೆಯಿಲ್ಲ, ಅವರಿಗೇಕೆ ಔಷಧಿ? ಮುಂದೆ ಮಕ್ಕಳಾಗುವುದಕ್ಕೆ ಅಡ್ಡಿಯಾದೀತೇ?

ಉತ್ತರ (ಸ್ತ್ರೀರೋಗ ತಜ್ಞೆ, ಶಿರಸಿ): ತಂಗಿ, ದಯವಿಟ್ಟು ನಿಲ್ಲಿಸಬೇಡಿ. ಆ ಕಿಟ್‌ನಲ್ಲಿ ಒಂದೇ ಸಲ ನುಂಗುವ ಸೆಫಿಕ್ಸಿಮ್ ಮಾತ್ರೆಯ ಜೊತೆಗೆ, ದಿನಕ್ಕೆರಡು ಬಾರಿಯಂತೆ 14 ದಿನ ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್ ಮತ್ತು ಮೆಟ್ರೋನಿಡಜೋಲ್ ಇರುತ್ತವೆ. ದೇಹಸಂಪರ್ಕದಿಂದ ಹರಡುವ ಕ್ಲಮೈಡಿಯಾ, ಗೊನೋರಿಯಾದಂಥ ರೋಗಾಣುಗಳು ಯೋನಿಮಾರ್ಗದಿಂದ ಗರ್ಭಕೋಶಕ್ಕೂ, ಅಲ್ಲಿಂದ ಅಂಡನಾಳಗಳಿಗೂ ಏರಿದಾಗ ನೋವು ಬೇಗ ಇಳಿದರೂ ನಾಳದೊಳಗಿನ ಸೋಂಕು ಉಳಿದಿರಬಹುದು; ಅದು ನಾಳದ ಒಳಪದರವನ್ನು ಕೆಡಿಸಿ ಅಂಟಿಸಿಬಿಟ್ಟರೆ ಅಂಡಾಣುವಿಗೆ ದಾರಿಯೇ ಇರುವುದಿಲ್ಲ. ಊಟದ ನಂತರ, ತುಂಬ ನೀರಿನೊಂದಿಗೆ ಮಾತ್ರೆ ನುಂಗಿ, ಕೂಡಲೇ ಮಲಗದಿದ್ದರೆ ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ. ಮುಟ್ಟು ತಪ್ಪಿದ್ದರೆ ಮಾತ್ರ ಇಂದೇ ವೈದ್ಯರಿಗೆ ತಿಳಿಸಿ, ಏಕೆಂದರೆ ಗರ್ಭಿಣಿಯರಿಗೆ ಡಾಕ್ಸಿಸೈಕ್ಲಿನ್ ಕೊಡುವುದಿಲ್ಲ.

ಸ್ವೀಡನ್ನಿನಲ್ಲಿ ಇಂಥ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಮ್ಮೆ ಸೋಂಕಾದವರಲ್ಲಿ ನೂರಕ್ಕೆ 8 ಮಂದಿಗೆ ನಾಳದ ತೊಂದರೆಯಿಂದ ಬಂಜೆತನ ಬಂದಿತ್ತು. ಮೂರು ಅಥವಾ ಹೆಚ್ಚು ಸಲ ಆದವರಲ್ಲಿ ಅದು 40ಕ್ಕೆ ಏರಿತ್ತು. ಆದ್ದರಿಂದ ಹೆದರಬೇಕಾದದ್ದು ಈ ಸಲದ ಸೋಂಕಿಗಲ್ಲ, ಮರುಕಳಿಸುವುದಕ್ಕೆ. ನಿಮ್ಮ ಯಜಮಾನರಿಗೂ ಔಷಧಿ ಹೇಳಿದ್ದು ಇದಕ್ಕಾಗಿಯೇ. ಗಂಡಸರಲ್ಲಿ ಈ ರೋಗಾಣುಗಳು ಯಾವ ಲಕ್ಷಣವನ್ನೂ ತೋರದೆ ಬಹಳ ಕಾಲ ಇರಬಲ್ಲವು; ಆದ್ದರಿಂದ ಸೋಂಕು ಯಾರಿಂದ ಯಾವಾಗ ಬಂತೆಂದು ಹೇಳುವುದು ಬಹುಪಾಲು ಸಾಧ್ಯವಿಲ್ಲ, ಮನೆಯಲ್ಲಿ ಆ ವಿಚಾರಣೆ ನಡೆಸುವುದರಿಂದ ಪ್ರಯೋಜನವೂ ಇಲ್ಲ. ಅವರು ದಡಕ್ಕೆ ಬಂದೊಡನೆ ಇಂಥ ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ನೀಡುವ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿಗೆ ಕರೆದೊಯ್ಯಿರಿ. ಇಬ್ಬರ ಚಿಕಿತ್ಸೆಯೂ ಮುಗಿಯುವವರೆಗೆ ದೇಹಸಂಪರ್ಕ ಬೇಡ.

ಮತ್ತೊಬ್ಬ ಸದಸ್ಯೆ (ಅಂಕೋಲಾ): ಮೇಡಂ, ನನಗೂ ಇದೇ ಸೋಂಕು ಎಂದಿದ್ದಾರೆ. ಎರಡು ವರ್ಷದ ಹಿಂದೆ ಹಾಕಿಸಿದ ಕಾಪರ್-ಟಿ ಇದೆ. ಅದರಿಂದಲೇ ಆಗಿರಬಹುದೇ, ತೆಗೆಸಬೇಕೇ?

ಉತ್ತರ: ಕಾಪರ್-ಟಿಯಿಂದ ಈ ಸೋಂಕಿನ ಅಪಾಯ ಹೆಚ್ಚುವುದು ಮುಖ್ಯವಾಗಿ ಹಾಕಿಸಿದ ಮೊದಲ ಮೂರು ವಾರಗಳಲ್ಲಿ. ಹಾಗಾಗಿ ಅದನ್ನು ಒಳಗಿಟ್ಟುಕೊಂಡೇ ಔಷಧಿ ಆರಂಭಿಸಬಹುದು. ಎರಡು ಮೂರು ದಿನಗಳಲ್ಲಿ ಗುಣ ಕಾಣದಿದ್ದರೆ ತೆಗೆಸುವ ವಿಚಾರ ಮಾಡುತ್ತೇವೆ. ಜ್ವರ, ವಾಂತಿ ಅಥವಾ ಹೊಟ್ಟೆನೋವು ಏರುತ್ತಿದ್ದರೆ ಅಷ್ಟು ದಿನವೂ ಕಾಯಬೇಡಿ. ಮುಟ್ಟು ತಪ್ಪಿ, ಒಂದೇ ಕಡೆ ತೀವ್ರ ನೋವು ಬಂದು ತಲೆ ಸುತ್ತಿದರೆ ನಾಳದಲ್ಲಿ ಗರ್ಭ ನಿಂತಿರುವ ಸಾಧ್ಯತೆಯಿದೆ. ಆಗ ರಾತ್ರಿಯೇ ಆಗಿರಲಿ, 108ಕ್ಕೆ ಕರೆ ಮಾಡಿ.