ಸಹಾಯ ಬೇಕು: ಪ್ರೋಟೀನ್ ಹಾಕಿದ ಕೂಡಲೇ ಆರ್‌ಎನ್‌ಎ ಹಾಳಾಗ್ತಾ ಉಂಟು

ನಮಸ್ಕಾರ. ಮಂಗಳೂರು, ಉಡುಪಿ ಕಡೆ ಆರ್‌ಎನ್‌ಎ ಕೆಲಸದಲ್ಲಿ ಕೈ ಪಳಗಿದವರು ಯಾರಾದರೂ ಇದ್ದೀರಾ? ನಾನು ದೇರಳಕಟ್ಟೆಯಲ್ಲಿದ್ದೇನೆ, ಮೈಕ್ರೋಬಯಾಲಜಿ ಎಂಎಸ್ಸಿ ಕೊನೆಯ ಸೆಮಿಸ್ಟರ್.

ಪ್ರಾಜೆಕ್ಟ್ ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾದ ಸಿಎಸ್‌ಆರ್‌ಎ ಮೇಲೆ. ಬರೀ 61 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಕರುಳಿನ ಕೋಶದೊಳಗೆ ನುಗ್ಗಲು ಬೇಕಾದ ಜೀನುಗಳನ್ನು ಎಬ್ಬಿಸುವುದು ಹಿಲ್‌ಡಿ ಎಂಬ ಇನ್ನೊಂದು ಪ್ರೋಟೀನು. ಅದನ್ನು ತಯಾರಿಸುವ ಸೂಚನೆ ಹೊತ್ತ ಎಂಆರ್‌ಎನ್‌ಎ ಮೇಲೆ, ಪ್ರೋಟೀನ್ ಕಟ್ಟುವ ರೈಬೋಸೋಮ್ ಕೂರಬೇಕಾದ ಜಾಗದಲ್ಲೇ ಸಿಎಸ್‌ಆರ್‌ಎ ಹೋಗಿ ಕೂತುಬಿಡುತ್ತದೆ. ಹಿಲ್‌ಡಿ ತಯಾರಾಗುವುದೇ ಇಲ್ಲ. ಸಮಯ ಬಂದಾಗ ಸಿಎಸ್‌ಆರ್‌ಬಿ ಎಂಬ ಸಣ್ಣ ಆರ್‌ಎನ್‌ಎ ಹುಟ್ಟಿ ಸಿಎಸ್‌ಆರ್‌ಎ ಪ್ರೋಟೀನುಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಆಗ ಹಿಲ್‌ಡಿಗೆ ದಾರಿ ಬಿಡುತ್ತದೆ. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಅಂಥ ಒಂದೇ ಆರ್‌ಎನ್‌ಎ ಸುಮಾರು 18 ಹಿಡಿದಿಡುತ್ತದಂತೆ! ಅದನ್ನು ಓದಿದ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

ಸಿಎಸ್‌ಆರ್‌ಎ ಆರ್‌ಎನ್‌ಎಗೆ ಅಂಟುವುದನ್ನು ಜೆಲ್ ಶಿಫ್ಟ್‌ನಲ್ಲಿ (ಪ್ರೋಟೀನ್ ಅಂಟಿದ ಆರ್‌ಎನ್‌ಎ ಜೆಲ್‌ನಲ್ಲಿ ನಿಧಾನ ಓಡಿ ಮೇಲೆಯೇ ಉಳಿಯುವ ಪರೀಕ್ಷೆ) ತೋರಿಸಬೇಕು. ಮೂರು ಸಲ ಮಾಡಿದೆ. ಪ್ರೋಟೀನ್ ಇಲ್ಲದ ಲೇನಿನಲ್ಲಿ ಬ್ಯಾಂಡ್ ಚೊಕ್ಕ ಉಂಟು. ಹಾಕಿದ ಲೇನುಗಳಲ್ಲಿ ಮೇಲೇರುವ ಬದಲು ಕೆಳಗಿನವರೆಗೆ ಮಸಿ ಒರೆಸಿದ ಹಾಗೆ. ಆರ್‌ಎನ್‌ಎ ಕೆಡದಂತೆ ಸಂಸ್ಕರಿಸಿದ ಡಿಇಪಿಸಿ ನೀರು, ಬಫರ್ ಎಲ್ಲ ಹೊಸತು ಮಾಡಿ ನೋಡಿಯಾಯ್ತು. ಶುದ್ಧ ಮಾಡಲು ನಿಕ್ಕಲ್ ಕಾಲಮ್ ಹಾಯಿಸಿ ತೆಗೆದ ಪ್ರೋಟೀನಿನ ಜೊತೆಗೇ ಆರ್‌ಎನ್‌ಎ ಕತ್ತರಿಸುವ ಕಿಣ್ವ ಆರ್‌ಎನ್‌ಏಸ್ ಬಂದಿದೆ ಅಂತ ನನ್ನ ಅನುಮಾನ. ಉಪ್ಪು ಹೆಚ್ಚಿಸಿ ತೊಳೆದರೆ ಸಾಕಾ, ಇನ್ನೊಂದು ಕಾಲಮ್ ಹಾಯಿಸಲೇಬೇಕಾ?

ಯಾರಾದರೂ ಅರ್ಧ ಗಂಟೆ ಕೂತು ಜೆಲ್ ಫೋಟೊ ನೋಡಿ ಹೇಳಿದರೆ ದೊಡ್ಡ ಉಪಕಾರ. ಮಣಿಪಾಲವಾದರೂ ಅಡ್ಡಿಯಿಲ್ಲ, ಬೆಳಗ್ಗಿನ ಬಸ್ಸಿಗೇ ಬರ್ತೇನೆ.