ಅನೊರೆಕ್ಸಿಯಾದಿಂದ ಗುಣವಾದ ಮೇಲೂ ಆತಂಕ ಉಳಿಯುವುದೇಕೆ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನ್ನ ಮಗಳು ಪಿಯುಸಿಯಲ್ಲಿದ್ದಾಗ ಊಟ ಬಿಟ್ಟು ತೀರಾ ಸೊರಗಿದ್ದಳು. ಅನೊರೆಕ್ಸಿಯಾ ಎಂದು ತಿಳಿದು ಚಿಕಿತ್ಸೆ ಕೊಡಿಸಿದೆವು. ಎರಡು ವರ್ಷಗಳಿಂದ ತೂಕ ಸರಿಯಾಗಿದೆ, ಮುಟ್ಟೂ ಕ್ರಮವಾಗಿದೆ. ಆದರೆ ಲ್ಯಾಬ್ ರೆಕಾರ್ಡಿನಲ್ಲಿ ಒಂದು ಗೆರೆ ಸೊಟ್ಟಗಾದರೂ ಇಡೀ ಪುಟವನ್ನು ಮತ್ತೆ ಬರೆಯುತ್ತಾಳೆ, ಸಣ್ಣ ತಪ್ಪಿಗೂ ರಾತ್ರಿಯೆಲ್ಲ ಕೊರಗುತ್ತಾಳೆ. ಮೆದುಳಿನ ಹಾರ್ಮೋನುಗಳು ಇನ್ನೂ ಸರಿಹೋಗಿಲ್ಲವೇ? ರಕ್ತದಲ್ಲಿ ಸೆರೊಟೋನಿನ್ ಪರೀಕ್ಷೆ ಮಾಡಿಸಬೇಕೇ?

ಉತ್ತರ (ಮನೋವೈದ್ಯೆ): ನಮಸ್ಕಾರ ಅಮ್ಮ. ಆ ಪರೀಕ್ಷೆಯ ಅಗತ್ಯವಿಲ್ಲ. ಸೆರೊಟೋನಿನ್ ಎಂದರೆ ಮೆದುಳಿನಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ. ದೇಹದ ಸೆರೊಟೋನಿನ್‌ನಲ್ಲಿ ಬಹುಪಾಲು ಕರುಳಿನಲ್ಲಿ ತಯಾರಾಗುತ್ತದೆ, ಅದು ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ಹಾಗಾಗಿ ರಕ್ತದ ಅಂಕಿಯಿಂದ ಮೆದುಳಿನ ಸ್ಥಿತಿ ತಿಳಿಯದು.

ಸಂಶೋಧಕರು ಇದನ್ನು ಅಳೆದದ್ದು ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ. ಅಮೆರಿಕದ ಮನೋವೈದ್ಯ ವಾಲ್ಟರ್ ಕೇ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ ಮರಳಿ ಬಹುಕಾಲವಾಗಿದ್ದ ಮಹಿಳೆಯರಲ್ಲಿ ಸೆರೊಟೋನಿನ್ ಒಡೆದಾಗ ಉಳಿಯುವ ಅಂಶವು ಆರೋಗ್ಯವಂತರಿಗಿಂತ ಹೆಚ್ಚಾಗಿತ್ತು. ಬುಲಿಮಿಯಾದಿಂದ (ಮಿತಿಮೀರಿ ತಿಂದು, ಬಳಿಕ ವಾಂತಿಯಂಥ ದಾರಿಗಳಿಂದ ಅದನ್ನು ಹೊರಹಾಕಲೆತ್ನಿಸುವ ಕಾಯಿಲೆ) ಗುಣವಾದವರಲ್ಲೂ 1998ರಲ್ಲಿ ಇದೇ ಕಂಡಿತು. ಕಾಯಿಲೆಯಲ್ಲಿ ಸೊರಗಿರುವಾಗ ಮಾತ್ರ ಅದು ಕಡಿಮೆಯಿರುತ್ತದೆ, ಏಕೆಂದರೆ ಸೆರೊಟೋನಿನ್ ತಯಾರಾಗಲು ಬೇಕಾದ ಟ್ರಿಪ್ಟೊಫಾನ್ ನಮಗೆ ಬೇಳೆ, ಹಾಲು, ಮೊಟ್ಟೆಗಳಂಥ ಆಹಾರದಿಂದಲೇ ಸಿಗಬೇಕು. ಕೊಬ್ಬಿನಿಂದ ಬರುವ ಲೆಪ್ಟಿನ್‌ನಂಥ ಹಾರ್ಮೋನುಗಳು ತೂಕದೊಂದಿಗೆ ಬಹುಮಟ್ಟಿಗೆ ಸುಧಾರಿಸುತ್ತವೆ.

ಹೆಚ್ಚಿನ ಸೆರೊಟೋನಿನ್ ಚಟುವಟಿಕೆಗೂ ಆತಂಕ, ಅತಿಯಾದ ಅಚ್ಚುಕಟ್ಟುತನಕ್ಕೂ ನಂಟಿರಬಹುದೆಂಬುದು ಕೇ ಅವರ ವಾದ. ಇದು ಕಾಯಿಲೆಗೆ ಮೊದಲೇ ಇತ್ತೋ, ಉಪವಾಸ ಬಿಟ್ಟುಹೋದ ಗುರುತೋ ಎಂಬುದನ್ನು ಈ ಅಳತೆಗಳು ಹೇಳಲಾರವು. ಆದರೂ ಇಂಥ ಅನೇಕರಲ್ಲಿ ಆತಂಕದ ಸ್ವಭಾವ ಬಾಲ್ಯದಿಂದಲೇ ಇರುತ್ತದೆ. ಆದ್ದರಿಂದ ನಿಮ್ಮ ಮಗಳ ಚೇತರಿಕೆ ಅರ್ಧಕ್ಕೆ ನಿಂತಿದೆಯೆಂದು ದಯವಿಟ್ಟು ಭಾವಿಸಬೇಡಿ.

ಪ್ರಶ್ನೆ: ಬಹಳ ಸಮಾಧಾನವಾಯಿತು ಡಾಕ್ಟರೇ. ಈಗ ಅಜ್ಜಿಯ ಜೊತೆ ಏಕಾದಶಿ ಉಪವಾಸ ಮಾಡುತ್ತೇನೆ, ಮನಸ್ಸಿಗೆ ಹಗುರವೆನಿಸುತ್ತದೆ ಎನ್ನುತ್ತಾಳೆ. ಬಿಡಬಹುದೇ?

ಉತ್ತರ: ಬೇಡವೆಂದೇ ಹೇಳುತ್ತೇನೆ ಅಮ್ಮ, ಅಜ್ಜಿಯವರಿಗೂ ತಿಳಿಸಿ ಹೇಳಿ. ಟ್ರಿಪ್ಟೊಫಾನ್ ಪ್ರಮಾಣವನ್ನು ತಾತ್ಕಾಲಿಕವಾಗಿ ತಗ್ಗಿಸಿ ನೋಡಿದ 2003ರ ಪ್ರಯೋಗದಲ್ಲಿ, ಅನೊರೆಕ್ಸಿಯಾ ಇದ್ದವರಲ್ಲೂ ಅದರಿಂದ ಗುಣವಾದವರಲ್ಲೂ ಆತಂಕ ಇಳಿದಿತ್ತು. ಊಟ ಬಿಟ್ಟಾಗ ಹಗುರವೆನಿಸುವುದಕ್ಕೆ ಇದೂ ಒಂದು ಕಾರಣವಿರಬಹುದು, ಅಪಾಯವಿರುವುದೂ ಅಲ್ಲಿಯೇ. ಅಜ್ಜಿಯ ಜೊತೆ ಪೂಜೆಗೆ ಕೂರಲಿ, ಊಟ ಮಾತ್ರ ಹೊತ್ತಿಗೆ ಸರಿಯಾಗಿ ಆಗಲಿ, ಕಾಲೇಜಿನ ಪರೀಕ್ಷೆಯ ದಿನಗಳಲ್ಲಂತೂ ತಪ್ಪಲೇಬಾರದು. ಆತಂಕಕ್ಕೆ ಆಪ್ತಸಮಾಲೋಚನೆಯಿದೆ, ಬೇಕಾದರೆ ವೈದ್ಯರು ಮಾತ್ರೆಯನ್ನೂ ಯೋಚಿಸುತ್ತಾರೆ. ತೂಕ ಇಳಿಯುತ್ತಿದ್ದರೆ ಅಥವಾ ಮುಟ್ಟು ತಪ್ಪಿದರೆ ಕಾಯದೆ ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಕಾಣಿರಿ.