ಜರ್ಮನಿಯಲ್ಲಿ 1966ರ ಮಸ್ಟಾಂಗ್: ಮೊದಲು ಏನು ಬದಲಿಸಬೇಕು, ಏನನ್ನು ಮುಟ್ಟಬಾರದು? (ಪ್ರಶ್ನೋತ್ತರ)

ಪ್ರಶ್ನೆ, ಸ್ಟುಟ್‌ಗಾರ್ಟ್‌ನಿಂದ:
ನಮಸ್ಕಾರ ಸರ್. ಮೈಸೂರಿನಲ್ಲಿ ಸ್ಕೂಲಿಗೆ ಹೋಗುವಾಗ ಒಂದು ಕ್ಯಾಲೆಂಡರಿನಲ್ಲಿ ಹಳೆ ಫೋರ್ಡ್ ಮಸ್ಟಾಂಗ್ ಕಾರಿನ ಚಿತ್ರ ನೋಡಿದ್ದೆ. ಆವತ್ತಿನಿಂದ ಆಸೆ. ಈಗ 1966ರ ಹಾರ್ಡ್‌ಟಾಪ್ (ಗಟ್ಟಿ ಛಾವಣಿಯದ್ದು) ಒಂದು ಕಣ್ಣಿಗೆ ಬಿದ್ದಿದೆ. ವಿ8, ಆಟೊಮ್ಯಾಟಿಕ್, ಕ್ಯಾಲಿಫೋರ್ನಿಯಾದಿಂದ ತರಿಸಿದ್ದು. ಅಮೆರಿಕದ ಟೈಟಲ್ (ಮಾಲೀಕತ್ವದ ಪತ್ರ) ಇದೆ, ಜರ್ಮನ್ ಕಾಗದಪತ್ರ ಇನ್ನೂ ಆಗಿಲ್ಲ. ಕೊಂಡ ಮೇಲೆ 18 ಇಂಚಿನ ರಿಮ್, ಫ್ಯೂಯೆಲ್ ಇಂಜೆಕ್ಷನ್, ಸ್ವಲ್ಪ ಜೋರು ಸದ್ದಿನ ಸೈಲೆನ್ಸರ್ ಹಾಕಿಸಬೇಕು ಅಂದುಕೊಂಡಿದ್ದೇನೆ. ರಿಮ್ ಆರ್ಡರ್ ಮಾಡಲು ಹೊರಟಿದ್ದೆ, ನನ್ನ ಹೆಂಡತಿ "ಮೊದಲು ಗೊತ್ತಿರೋರನ್ನ ಕೇಳಿ" ಅಂದಳು. ಎಲ್ಲಿಂದ ಶುರು ಮಾಡಲಿ?

ಉತ್ತರ:
ನಮಸ್ಕಾರ. ನಿಮ್ಮ ಮನೆಯವರು ಸರಿಯಾಗಿಯೇ ಹೇಳಿದ್ದಾರೆ. ರಿಮ್ ಆರ್ಡರ್ ಮಾಡಬೇಡಿ. ಅದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ನಾನು ಇಲ್ಲಿ ಹಳೆ ಅಮೆರಿಕನ್ ಕಾರುಗಳ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿಗೆ ಬರುವ ಅರ್ಧದಷ್ಟು ತೊಂದರೆಗಳು ಎಂಜಿನ್‌ನದ್ದಲ್ಲ, ಕಾಗದದ್ದು. ಪಾರ್ಟ್ ಚೆನ್ನಾಗಿಯೇ ಇರುತ್ತದೆ, ಫಿಟ್ಟಿಂಗೂ ಚೆನ್ನಾಗಿರುತ್ತದೆ. ಆದರೆ ಟ್ಯೂಫ್ (ಇಲ್ಲಿ ವಾಹನ ತಪಾಸಣೆ ಮಾಡುವ ಸಂಸ್ಥೆ) ಪರೀಕ್ಷಕರು ಒಪ್ಪುವುದಿಲ್ಲ. ಬಿಚ್ಚಿ ಮತ್ತೆ ಹಳೆಯದನ್ನೇ ಹಾಕಬೇಕು. ಎರಡು ಸಲ ಕೂಲಿ.

ನೀವು ಮೊದಲು ನೋಡಬೇಕಾದದ್ದು ಎಚ್ ಪ್ಲೇಟ್, ಅಂದರೆ ಹಳೆ ಕಾರುಗಳಿಗೆ ಇಲ್ಲಿ ಕೊಡುವ ವಿಶೇಷ ನಂಬರ್ ಪ್ಲೇಟ್. ಕಾರಿಗೆ 30 ವರ್ಷ ದಾಟಿರಬೇಕು, ಸ್ಥಿತಿ ಚೆನ್ನಾಗಿರಬೇಕು, ಮೂಲ ರೂಪ ಉಳಿದಿರಬೇಕು. ಇಷ್ಟಿದ್ದರೆ ಪರೀಕ್ಷಕರು ಓಲ್ಡ್‌ಟೈಮರ್ ವರದಿ ಬರೆದುಕೊಡುತ್ತಾರೆ, ನಂಬರಿನ ಕೊನೆಯಲ್ಲಿ ಎಚ್ ಅಕ್ಷರ ಬರುತ್ತದೆ. ಆಮೇಲೆ ವರ್ಷದ ತೆರಿಗೆ ಸುಮಾರು 191 ಯೂರೋ, ಎಂಜಿನ್ ಎಷ್ಟೇ ದೊಡ್ಡದಿರಲಿ. ಎಚ್ ಇಲ್ಲದಿದ್ದರೆ? ನಿಮ್ಮದು 289 ಕ್ಯೂಬಿಕ್ ಇಂಚು, ಅಂದರೆ ಸುಮಾರು 4.7 ಲೀಟರ್. ಇಂಥ ಹಳೆ ಪೆಟ್ರೋಲ್ ಕಾರಿಗೆ ಪ್ರತಿ 100 ಸಿಸಿಗೆ 25.36 ಯೂರೋ. ಲೆಕ್ಕ ಹಾಕಿ, 1200 ದಾಟುತ್ತದೆ. ಎಚ್ ಇದ್ದರೆ ಸ್ಟುಟ್‌ಗಾರ್ಟ್‌ನ ಪರಿಸರ ವಲಯದೊಳಗೆ, ಹೊಗೆ ಕಡಿಮೆ ಅಂತ ತೋರಿಸುವ ಹಸಿರು ಸ್ಟಿಕ್ಕರ್ ಇಲ್ಲದೆಯೂ ಹೋಗಬಹುದು.

ಹೊಸ ಕಾಲದ ಬದಲಾವಣೆಗಳು ಈ ಎಚ್ ಅನ್ನೇ ಕಳೆಯುತ್ತವೆ. ಸ್ಥೂಲವಾಗಿ ನಿಯಮ ಇಷ್ಟು: ಕಾರು ರಸ್ತೆಗೆ ಬಂದ ಮೊದಲ ಹತ್ತು ವರ್ಷದಲ್ಲಿ ಜನ ಮಾಡಿಸುತ್ತಿದ್ದ ಬದಲಾವಣೆ ಆದರೆ ಪರವಾಗಿಲ್ಲ. ನಿಮ್ಮ ಕಾರಿಗೆ ಅದು 1976ರವರೆಗೆ. 18 ಇಂಚಿನ ರಿಮ್ ಆಗ ಎಲ್ಲಿತ್ತು? ಕಂಪ್ಯೂಟರ್ ನಡೆಸುವ ಇಂಜೆಕ್ಷನ್ ಕೂಡ ಈ ಲೆಕ್ಕಕ್ಕೆ ಸೇರುವುದಿಲ್ಲ. ನಾಲ್ಕು ಬ್ಯಾರಲ್ (ಗಾಳಿ ಹೋಗುವ ಕೊಳವೆ) ಇರುವ ಕಾರ್ಬೊರೇಟರ್, ಆ ಕಾಲದ ವಿನ್ಯಾಸದ 14 ಅಥವಾ 15 ಇಂಚಿನ ರಿಮ್, ಇವು ಸೇರುತ್ತವೆ. ಬ್ರೇಕ್, ಬೆಲ್ಟ್, ಹಜಾರ್ಡ್ ಲೈಟಿನಂಥ ಸುರಕ್ಷತೆಯ ಕೆಲಸಕ್ಕೆ ಸಾಮಾನ್ಯವಾಗಿ ತಕರಾರು ಇರುವುದಿಲ್ಲ. ಆದರೂ ಪಾರ್ಟಿನ ಪಟ್ಟಿ, ಫೋಟೊ ಹಿಡಿದುಕೊಂಡು ಪರೀಕ್ಷಕರ ಹತ್ತಿರ ಮೊದಲೇ ಹೋಗಿ ಮಾತಾಡಿ. ಅವರು ಸರಿ ಅಂದದ್ದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಆಮೇಲೆ ಪಾನಾ ಹಿಡಿಯಿರಿ.

ಇನ್ನೊಂದು ವಿಷಯ. ಕಾರನ್ನು ಮಾರುವವರು ಆಮದು ಹೇಗೆ ಮಾಡಿದ್ದಾರೆ ಕೇಳಿ. 30 ವರ್ಷ ದಾಟಿದ, ಮೂಲ ಸ್ಥಿತಿಯ ಕಾರನ್ನು ಸಂಗ್ರಹಯೋಗ್ಯ ವಸ್ತುವಾಗಿ ತರಿಸಿದರೆ ಸುಂಕ ಇಲ್ಲ, ಆಮದು ತೆರಿಗೆ 7% ಮಾತ್ರ. ಚಾಸಿ, ಸ್ಟೀರಿಂಗ್, ಬ್ರೇಕ್, ಎಂಜಿನ್ ಎಲ್ಲ ಹೊಸ ಕಾಲದ್ದು ಹಾಕಿದ್ದರೆ ಈ ರಿಯಾಯಿತಿ ಸಿಗುವುದಿಲ್ಲ. ಆಗ ಸುಂಕದ ಜೊತೆಗೆ 19% ತೆರಿಗೆ ಬೀಳುತ್ತದೆ. ಕಸ್ಟಮ್ಸ್ ಪಾವತಿಯಾದ ಕಾಗದ ಕೈಗೆ ಬಾರದೆ ಅಡ್ವಾನ್ಸ್ ಕೊಡಬೇಡಿ. ಅದಿಲ್ಲದೆ ನೋಂದಣಿ ಕಚೇರಿಯಲ್ಲಿ ಕೆಲಸ ಆಗುವುದಿಲ್ಲ.

ಪ್ರಶ್ನೆ, ಅದೇ ಸ್ಟುಟ್‌ಗಾರ್ಟ್‌ನವರು:
ತುಂಬಾ ಥ್ಯಾಂಕ್ಸ್ ಸರ್. ರಿಮ್ ಬಿಟ್ಟೆ. ಕಾರು ನೋಡಲು ಹೋದಾಗ ಏನೇನು ಗಮನಿಸಲಿ? ಮೊದಲು ಯಾವ ಕೆಲಸಕ್ಕೆ ದುಡ್ಡು ಹಾಕಲಿ?

ಉತ್ತರ:
ಚಾಸಿ ನಂಬರ್ ಓದಿ. ಹಾರ್ಡ್‌ಟಾಪ್ ಆದರೆ 6, ಆಮೇಲೆ ಕಾರ್ಖಾನೆಯ ಅಕ್ಷರ, ಆಮೇಲೆ 07, ನಂತರ ಎಂಜಿನ್ ಅಕ್ಷರ. ಕಾರ್ಖಾನೆಯ ಜಾಗದಲ್ಲಿ ಆರ್ ಇದ್ದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಎಫ್ ಆದರೆ ಡಿಯರ್‌ಬಾರ್ನ್, ಟಿ ಆದರೆ ಮೆಟುಚೆನ್. ಎಂಜಿನ್ ಅಕ್ಷರ ಸಿ ಆದರೆ ಎರಡು ಬ್ಯಾರಲ್‌ನ 289, 200 ಕುದುರೆ ಶಕ್ತಿ. ಎ ಆದರೆ ನಾಲ್ಕು ಬ್ಯಾರಲ್, 225. ಕೆ ಆದರೆ 271, ಅದು ತೀರಾ ಬೆಲೆಬಾಳುವ ಕಾರು. ಎಂಜಿನ್ ಅಕ್ಷರ ಟಿ ಆದರೆ ಅದು ಹುಟ್ಟಿದ್ದು ಆರು ಸಿಲಿಂಡರ್ ಕಾರಾಗಿ. ಬಾನೆಟ್ ಎತ್ತಿದಾಗ ವಿ8 ಕಂಡರೂ ಚಕ್ರದ ನಟ್ ಎಣಿಸಿ. ಐದು ಇರಬೇಕು. ನಾಲ್ಕೇ ಇದ್ದರೆ ಎಂಜಿನ್ ಮಾತ್ರ ಬದಲಾಗಿದೆ, ಸಣ್ಣ ಬ್ರೇಕ್, ಸಣ್ಣ ಆಕ್ಸಲ್ ಹಾಗೇ ಉಳಿದಿವೆ. ಅಂಥ ಕಾರನ್ನು ಬಿಟ್ಟುಬಿಡಿ.

ತುಕ್ಕು ನೋಡುವಾಗ ಬಾಗಿಲಿನ ಅಂಚು ನೋಡಿ ಸುಮ್ಮನಾಗಬೇಡಿ. ಮುಂದಿನ ಗಾಜಿನ ಕೆಳಗೆ, ಗಾಳಿ ಒಳಗೆ ಹೋಗುವ ಜಾಲರಿ ಇದೆಯಲ್ಲ, ಅದರ ಒಳಗಿನ ತಗಡು ಕೊಳೆಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಅದನ್ನು ಸರಿಮಾಡಲು ಮುಂಭಾಗ ಪೂರ್ತಿ ಬಿಚ್ಚಿ, ಬೆಸುಗೆ ಕತ್ತರಿಸಿ ತೆಗೆಯಬೇಕು, ಸಾವಿರಗಟ್ಟಲೆ ಯೂರೋ ಕೆಲಸ. ಕಾರಿನ ಕೆಳಗೆ ಹೋಗಿ ಫ್ರೇಮ್ ರೈಲ್, ಅದು ನೆಲದ ತಗಡಿಗೆ ಸೇರುವ ಮೂಲೆಗಳನ್ನೂ ನೋಡಿ. ಕ್ಯಾಲಿಫೋರ್ನಿಯಾ ಕಾರಿಗೆ ಉಪ್ಪಿನ ತುಕ್ಕು ಕಡಿಮೆ. ಆದರೆ ಬಿಸಿಲಿಗೆ ರಬ್ಬರ್ ಎಲ್ಲ ಬಿರುಕು ಬಿಟ್ಟಿರುತ್ತದೆ. ಬುಶ್, ಹೋಸ್, ಗಾಜಿನ ಬೀಡಿಂಗ್, ಎಲ್ಲಾ.

ದುಡ್ಡಿನ ವಿಷಯಕ್ಕೆ ಬಂದರೆ ಮೊದಲು ಬ್ರೇಕ್. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. 1966ರ ಮಸ್ಟಾಂಗ್‌ಗೆ ಮಾಸ್ಟರ್ ಸಿಲಿಂಡರ್‌ನಲ್ಲಿ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ ಭಾಗ) ಒಂದೇ ಸರ್ಕ್ಯೂಟ್. ಎಲ್ಲೋ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಎರಡು ಸರ್ಕ್ಯೂಟ್ ಬಂದದ್ದು 1967ರ ಮಾಡೆಲ್‌ನಿಂದ. ನನ್ನ ಸ್ವಂತ ಹಳೆ ಕಾರಿನಲ್ಲಿ ಶ್ವೇಬಿಷ್ ಆಲ್ಬ್ ಗುಡ್ಡ ಇಳಿಯುವಾಗ ಹಿಂದಿನ ಪೈಪ್ ಒಡೆಯಿತು. ಪೆಡಲ್ ನೆಲಕ್ಕೆ ತಾಗಿತು, ಕಾರು ಓಡುತ್ತಲೇ ಇತ್ತು. ಹ್ಯಾಂಡ್‌ಬ್ರೇಕ್ ಇರುವುದು ಡ್ಯಾಶ್‌ಬೋರ್ಡಿನ ಕೆಳಗೆ, ಎಳೆಯುವ ಹಿಡಿ. ತಡಕಾಡಿ ಸಿಕ್ಕುವಷ್ಟರಲ್ಲಿ ಎರಡು ತಿರುವು ದಾಟಿದ್ದೆ. ಗೇರ್ ಇಳಿಸಿ, ಹುಲ್ಲಿನ ಬದುವಿಗೆ ಹತ್ತಿಸಿ ನಿಲ್ಲಿಸಿದೆ. ಆ ವಾರವೇ ಎರಡು ಸರ್ಕ್ಯೂಟ್‌ನ ಸಿಲಿಂಡರ್ ಹಾಕಿದೆ.

ನೀವೂ ಅದನ್ನೇ ಮಾಡಿ. ಪೈಪ್‌ಗಳೆಲ್ಲ ಹೊಸದು, ಹೋಸ್ ಹೊಸದು. ಮುಂದಿನ ಡಿಸ್ಕ್ ಬ್ರೇಕ್ ಆ ಕಾಲದಲ್ಲೇ ಫೋರ್ಡ್ ಆಯ್ಕೆಯಾಗಿ ಕೊಡುತ್ತಿತ್ತು, ಹಾಗಾಗಿ ಎಚ್ ಪ್ಲೇಟಿಗೆ ತೊಂದರೆಯಿಲ್ಲ. ಡಿಸ್ಕ್ ಹಾಕಿದರೆ ಹಿಂದಿನ ಡ್ರಮ್‌ಗೆ ಹೋಗುವ ಒತ್ತಡ ಕಡಿಮೆ ಮಾಡುವ ವಾಲ್ವ್ ಬೇಕೇ ಬೇಕು. ಇಲ್ಲವೆಂದರೆ ಮಳೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ತಿರುಗಿಬಿಡುತ್ತದೆ. ಕೆಲವು ಕಿಟ್‌ಗಳ ಕ್ಯಾಲಿಪರ್ ಹಳೆ 14 ಇಂಚಿನ ರಿಮ್‌ಗೆ ತಾಗುತ್ತದೆ, ಕೊಳ್ಳುವ ಮುಂಚೆ ಅಳೆದು ನೋಡಿ.

ಆಮೇಲೆ ಲೈಟ್. ಅಮೆರಿಕದ ಸೀಲ್ಡ್ ಬೀಮ್ (ಗಾಜು, ಬಲ್ಬ್ ಒಂದೇ ಆಗಿರುವ ಹೆಡ್‌ಲೈಟ್) ಇಲ್ಲಿ ನಡೆಯುವುದಿಲ್ಲ. ನಿಮ್ಮದು 7 ಇಂಚಿನ ದುಂಡು ಲೈಟ್, ಅದೇ ಅಳತೆಯ, ಇ ಗುರುತಿರುವ (ಯುರೋಪಿನ ಅನುಮತಿಯ ಮುದ್ರೆ) ಎಚ್4 ಹ್ಯಾಲೊಜೆನ್ ಲೈಟ್ ಸುಲಭವಾಗಿ ಸಿಗುತ್ತದೆ. ಆದರೆ ಎಚ್4ರ ಪೂರ್ತಿ ಕರೆಂಟ್ ಅರುವತ್ತು ವರ್ಷದ ಸ್ವಿಚ್ಚಿನ ಮೂಲಕ ಹರಿಸಬೇಡಿ. ಎರಡು ರಿಲೇ, ಒಂದೊಂದು ಫ್ಯೂಸ್ ಹಾಕಿಸಿ. ಸ್ವಿಚ್ ಬಿಸಿಯಾಗಿ ನಡುರಾತ್ರಿ ಲೈಟ್ ಆರಿಹೋದ ಕಾರುಗಳನ್ನು ನೋಡಿದ್ದೇನೆ.

ಪ್ರಶ್ನೆ, ಮ್ಯೂನಿಕ್‌ನಿಂದ:
ಸರ್, ಹಿಂದಿನ ಇಂಡಿಕೇಟರ್ ಕೆಂಪು ಇದ್ದರೆ ಟ್ಯೂಫ್‌ನಲ್ಲಿ ಪಾಸ್ ಆಗಲ್ಲ ಅಂತಾರೆ. ನನ್ನ ಸ್ನೇಹಿತ 1970ರ ಮಾಡೆಲ್ ಡಾಡ್ಜ್ ಚಾಲೆಂಜರ್ ನೋಡುತ್ತಿದ್ದಾನೆ.

ಉತ್ತರ:
1970ರ ಜನವರಿ 1ಕ್ಕಿಂತ ಮುಂಚೆ ಮೊದಲ ಬಾರಿ ರಸ್ತೆಗಿಳಿದ ಕಾರಿಗೆ ಕೆಂಪು ಇಂಡಿಕೇಟರ್ ನಡೆಯುತ್ತದೆ. ಅದಾದ ಮೇಲಿನವಕ್ಕೆ ಹಳದಿ ಬೇಕು. ಚಾಲೆಂಜರ್‌ನ 1970ರ ಮಾಡೆಲ್ ಮಾರಾಟಕ್ಕೆ ಬಂದದ್ದು 1969ರ ಕೊನೆಯ ತಿಂಗಳುಗಳಲ್ಲಿ. ಹಾಗಾಗಿ ಮಾಡೆಲ್ ವರ್ಷ ನೋಡಬೇಡಿ, ಮೊದಲ ನೋಂದಣಿ ದಿನಾಂಕಕ್ಕೆ ದಾಖಲೆ ಇದೆಯಾ ನೋಡಿ. ಇಲ್ಲದಿದ್ದರೆ ಹಳದಿ ದೀಪ ಹಾಕಿಸಲು ಬಜೆಟ್ ಇಡಿ. ಅಮೆರಿಕದ ಕಾರಿನಲ್ಲಿ ಬ್ರೇಕ್ ಮತ್ತು ಇಂಡಿಕೇಟರ್‌ಗೆ ಒಂದೇ ಬಲ್ಬ್ ಇರುವುದರಿಂದ ವೈರಿಂಗ್ ಬೇರ್ಪಡಿಸಬೇಕು. ಒಂದು ದಿನದ ಕೆಲಸ.

ಪ್ರಶ್ನೆ, ಕಾರ್ಲ್ಸ್‌ರೂಹೆಯಿಂದ:
ನಮಗೆ ಎರಡು ವರ್ಷದ ಮಗಳಿದ್ದಾಳೆ. ಇಂಥ ಕಾರು ತಗೊಂಡರೆ ಅವಳನ್ನು ಹಿಂದೆ ಕೂರಿಸಿಕೊಂಡು ಹೋಗಬಹುದಾ?

ಉತ್ತರ:
ಬೆಲ್ಟ್ ಇಲ್ಲದ ಕಾರಿನಲ್ಲಿ ಮೂರು ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯುವಂತಿಲ್ಲ ಮೇಡಂ, ಕಾನೂನೇ ಹಾಗಿದೆ. ಬೆಲ್ಟ್ ಇದ್ದರೂ ಹಳೆಯದು ಸೊಂಟದ ಬೆಲ್ಟ್ ಮಾತ್ರ. ಈಗಿನ ಬಹುಪಾಲು ಮಕ್ಕಳ ಸೀಟಿಗೆ ಮೂರು ಬಿಂದುವಿನ ಬೆಲ್ಟೋ (ಸೊಂಟ, ಭುಜ ಎರಡನ್ನೂ ಹಿಡಿಯುವುದು) ಐಸೊಫಿಕ್ಸೋ (ಮಕ್ಕಳ ಸೀಟು ಸಿಕ್ಕಿಸುವ ಕೊಂಡಿ) ಬೇಕು. ಮೂರು ಬಿಂದುವಿನದ್ದು ಹಾಕಿಸಬಹುದು. ಆದರೆ ತೆಳು ತಗಡಿಗೆ ತೂತು ಕೊರೆದು ಬೋಲ್ಟ್ ಬಿಗಿಯುವುದಲ್ಲ, ಹಿಂದೆ ದಪ್ಪ ಪ್ಲೇಟ್ ಬೆಸೆದು, ಪರೀಕ್ಷಕರಿಗೆ ತೋರಿಸಿ, ಕಾಗದದಲ್ಲಿ ಬರೆಸಬೇಕು. ನನ್ನ ಮಾತು ಕೇಳುವುದಾದರೆ ಮಗಳು ಸ್ವಲ್ಪ ದೊಡ್ಡವಳಾಗುವ ತನಕ ಅವಳಿಗೆ ನಿಮ್ಮ ದಿನಬಳಕೆಯ ಕಾರೇ ಇರಲಿ.

ಪ್ರಶ್ನೆ, ಫ್ರಾಂಕ್‌ಫರ್ಟ್‌ನಿಂದ:
ಒಬ್ಬರು ಮಸ್ಟಾಂಗ್ ಮಾರುತ್ತಿದ್ದಾರೆ, ಆದರೆ ಅದರ ಮೇಲೆ ಮಸ್ಟಾಂಗ್ ಅಂತಲೇ ಇಲ್ಲ, ಟಿ-5 ಅಂತ ಇದೆ. ಅಪರೂಪದ್ದು, ಬೆಲೆ ಜಾಸ್ತಿ ಅಂತಾರೆ. ನಿಜವಾ?

ಉತ್ತರ:
ಕಥೆ ನಿಜ. ಜರ್ಮನಿಯಲ್ಲಿ ಮಸ್ಟಾಂಗ್ ಹೆಸರಿನ ಹಕ್ಕು ಕ್ರುಪ್ ಕಂಪನಿಯ ಹತ್ತಿರ ಇತ್ತು, ಅವರ ಲಾರಿಗೆ. ಹಾಗಾಗಿ ಫೋರ್ಡ್ ಸುಮಾರು 1978ರವರೆಗೆ ಇಲ್ಲಿ ಈ ಕಾರನ್ನು ಟಿ-5 ಎಂದು ಮಾರಿತು. ಕುದುರೆ ಲಾಂಛನ ಉಳಿಯಿತು, ಮಸ್ಟಾಂಗ್ ಅಕ್ಷರ ಹೋಯಿತು. ಆದರೆ ಟಿ-5 ಬ್ಯಾಡ್ಜ್ ಹೊಸದಾಗಿ ಮಾಡಿದ್ದೂ ಸಿಗುತ್ತದೆ, ಯಾರು ಬೇಕಾದರೂ ಅಂಟಿಸಬಹುದು. ಬಾಗಿಲಿನ ಮೇಲಿನ ಡೇಟಾ ಪ್ಲೇಟಿನಲ್ಲಿ ರಫ್ತಿನ ಕೋಡ್ ಇದೆಯಾ, ಮೊದಲ ನೋಂದಣಿ ಜರ್ಮನಿಯದ್ದೇ ಅಂತ ಹಳೆ ಕಾಗದ ಇದೆಯಾ ನೋಡಿ. ಫೋರ್ಡ್ ದಾಖಲೆಯಿಂದ ಕೊಡುವ ಮಾರ್ಟಿ ವರದಿ 1967ರಿಂದ ಈಚಿನ ಕಾರುಗಳಿಗೆ ಮಾತ್ರ ಸಿಗುತ್ತದೆ.

ಪ್ರಶ್ನೆ, ನ್ಯೂರ್ನ್‌ಬರ್ಗ್‌ನಿಂದ:
ನನ್ನದು ಹಳೆಯದಲ್ಲ ಅಣ್ಣ. 2016ರ ಮಸ್ಟಾಂಗ್ ಜಿಟಿ, ಇಲ್ಲಿನ ಶೋರೂಮಿನಲ್ಲೇ ಕೊಂಡದ್ದು, 421 ಪಿಎಸ್ (ಇಲ್ಲಿನ ಕುದುರೆ ಶಕ್ತಿ). ಅಮೆರಿಕದ ಎಕ್ಸಾಸ್ಟ್ ಹಾಕಿಸಿ ಶಕ್ತಿ ಹೆಚ್ಚಿಸಲು ಇಸಿಯು (ಎಂಜಿನ್ ಕಂಪ್ಯೂಟರ್) ಮ್ಯಾಪ್ ಮಾಡಿಸಲಾ?

ಉತ್ತರ:
ಅಮೆರಿಕದ ಎಕ್ಸಾಸ್ಟಿಗೆ ಇ ಗುರುತಾಗಲಿ ಇಲ್ಲಿನ ಎಬಿಇ ಅನುಮತಿ ಪತ್ರವಾಗಲಿ ಇರುವುದಿಲ್ಲ. ಹಾಕಿದ ಕ್ಷಣಕ್ಕೆ ಕಾರಿನ ಓಡಾಟದ ಪರವಾನಗಿ ಬಿದ್ದುಹೋಗುತ್ತದೆ. ಪೊಲೀಸರು ಹಿಡಿದರೆ ದಂಡ, ಕೆಲವೊಮ್ಮೆ ಕಾರನ್ನೇ ಪರೀಕ್ಷೆಗೆ ಎಳೆದೊಯ್ಯುತ್ತಾರೆ. ಗುಡ್ ಫ್ರೈಡೇ ದಿನ ಮಾಡಿಫೈ ಮಾಡಿದ ಕಾರುಗಳ ತಪಾಸಣೆ ತುಂಬಾ ಜೋರು. ಮ್ಯಾಪಿಂಗ್‌ಗೂ ಪರೀಕ್ಷಾ ವರದಿ ಇರಬೇಕು, ಹೆಚ್ಚಿದ ಶಕ್ತಿ ನೋಂದಣಿ ಕಾಗದದಲ್ಲಿ ದಾಖಲಾಗಬೇಕು, ಇನ್ಶೂರೆನ್ಸ್‌ನವರಿಗೆ ತಿಳಿಸಬೇಕು. ಯುರೋಪಿನಲ್ಲೇ ಅನುಮತಿ ಪಡೆದ ಎಕ್ಸಾಸ್ಟ್ ಇವೆ. ಬೆಲೆ ಜಾಸ್ತಿ, ಆದರೆ ನೆಮ್ಮದಿ ಇರುತ್ತದೆ.

ಪ್ರಶ್ನೆ, ಲಂಡನ್‌ನಿಂದ:
ಇಂಗ್ಲೆಂಡಿನಲ್ಲೂ ಇದೇ ನಿಯಮನಾ ಸರ್?

ಉತ್ತರ:
ಇಲ್ಲ, ಬೇರೆ. ನಿಮ್ಮಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ, ಎಂಒಟಿ ಎಂಬ ವಾರ್ಷಿಕ ಸುರಕ್ಷತಾ ಪರೀಕ್ಷೆಯೂ ಕಡ್ಡಾಯವಲ್ಲ. ಆದರೆ ಕಳೆದ 30 ವರ್ಷದಲ್ಲಿ ದೊಡ್ಡ ಬದಲಾವಣೆ ಆಗಿದ್ದರೆ ಎಂಒಟಿ ರಿಯಾಯಿತಿ ಹೋಗುತ್ತದೆ. ಸುರಕ್ಷತೆಗಾಗಿ ಡಿಸ್ಕ್ ಬ್ರೇಕ್ ಹಾಕಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಕಡ್ಡಾಯ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಕೆಳಗಿನಿಂದ ಇನ್ನೊಬ್ಬರು ನೋಡುವುದು ಒಳ್ಳೆಯದು.

ಪ್ರಶ್ನೆ, ಸ್ಟುಟ್‌ಗಾರ್ಟ್‌ನವರು ಮತ್ತೆ:
ಸರ್, ಶನಿವಾರ ಕಾರು ನೋಡಲು ಹೋಗುತ್ತಿದ್ದೇನೆ. ಪೆಟ್ರೋಲ್ ಯಾವುದು ಹಾಕುವುದು? ಚಳಿಗಾಲದಲ್ಲಿ ಏನು ಮಾಡುವುದು?

ಉತ್ತರ:
ಇ10 (10% ವರೆಗೆ ಎಥೆನಾಲ್ ಇರುವ ಪೆಟ್ರೋಲ್) ಬೇಡ. ಅದರಲ್ಲಿನ ಎಥೆನಾಲ್ ಹಳೆ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿ. ಸೂಪರ್ ಇ5 ಸಾಕು, ಎ ಎಂಜಿನ್ ಆದರೆ ಸೂಪರ್ ಪ್ಲಸ್ ಹಾಕಿ. ಪೈಪ್‌ಗಳನ್ನು ಹೇಗೂ ಹೊಸದು ಹಾಕಿಸಿ. ಈ ಎಂಜಿನ್ ಸೀಸ ಬೆರೆತ ಪೆಟ್ರೋಲ್ ಕಾಲದ್ದು. ಮುಂದೆ ಎಂದಾದರೂ ಹೆಡ್ ಬಿಚ್ಚಿದಾಗ ಗಟ್ಟಿ ವಾಲ್ವ್ ಸೀಟ್ ಕೂರಿಸಿಬಿಡಿ, ಅಲ್ಲಿಯವರೆಗೆ ಸೀಸದ ಬದಲಿಗೆ ಬೆರೆಸುವ ದ್ರವ ಸಾಕು. 100 ಕಿಲೋಮೀಟರಿಗೆ 15ರಿಂದ 20 ಲೀಟರ್ ಕುಡಿಯುತ್ತದೆ, ಇದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ.

ಚಳಿಗಾಲಕ್ಕೆ ಸೀಸನ್ ಪ್ಲೇಟ್ (ವರ್ಷದ ಕೆಲವು ತಿಂಗಳು ಮಾತ್ರ ಓಡಿಸಲು ಕೊಡುವ ನಂಬರ್ ಪ್ಲೇಟ್) ಒಳ್ಳೆಯದು. 2017ರಿಂದ ಅದನ್ನು ಎಚ್ ಜೊತೆಗೆ ಸೇರಿಸಿ ಪಡೆಯಬಹುದು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾಡಿಸಿ. ರಸ್ತೆಗೆ ಉಪ್ಪು ಬಿದ್ದ ಮೇಲೆ ಈ ಕಾರನ್ನು ಹೊರಗೆ ತೆಗೆಯಬೇಡಿ.

ಶನಿವಾರ ಹೋಗುವಾಗ ಎರಡು ಲೀಟರಿನ ನೀರಿನ ಬಾಟಲಿ, ಟಾರ್ಚ್, ಬಣ್ಣದ ಕೆಳಗೆ ತಗಡಿನ ಬದಲು ಪುಟ್ಟಿ ಇದೆಯಾ ನೋಡಲು ಸಣ್ಣ ಅಯಸ್ಕಾಂತ ತಗೊಂಡು ಹೋಗಿ. ಮಾರುವವರನ್ನು ಕೇಳಿ, ಗಾಜಿನ ಮುಂದಿನ ಜಾಲರಿಗೆ ನೀರು ನಿಧಾನವಾಗಿ ಸುರಿಯಿರಿ, ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. ಐದು ನಿಮಿಷ ಬಿಟ್ಟು ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ, ಕಾರ್ಪೆಟ್ ಎತ್ತಿ ನೋಡಿ. ಒದ್ದೆಯಾಗಿದ್ದರೆ ಬೆಲೆ ಮಾತಾಡುವ ಮುಂಚೆ ನನಗೆ ಫೋಟೊ ಕಳಿಸಿ. ಚಾಸಿ ನಂಬರಿನದ್ದು, ಡೇಟಾ ಪ್ಲೇಟಿನದ್ದು, ಮಾಸ್ಟರ್ ಸಿಲಿಂಡರಿನದ್ದೂ ಇರಲಿ. ಶನಿವಾರ ಮಧ್ಯಾಹ್ನದ ಮೇಲೆ ನಾನು ಬಿಡುವಾಗಿರುತ್ತೇನೆ.